ಮಗ್ಗದಮ್ಮ ಸುಟ್ಟ ಬಾವುಟ

ಕಳೆದ ವಾರ ಇಸ್ತ್ರಿ ಮಾಡುತ್ತಿದ್ದಾಗ ಯಾರೋ ಬಾಗಿಲು ಬಡಿದರು. ಹೋಗಿ ಬರುವಷ್ಟರಲ್ಲಿ ಹತ್ತಿ ಸೀರೆಯ ಅಂಚು ಸೀದುಹೋಗಿತ್ತು. ಸುಟ್ಟ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಚಳ್ಳಕೆರೆಯ ಈ ಮನೆ ಮರೆತು ಮೊಳಕಾಲ್ಮೂರಿನ ನೇಕಾರರ ಬೀದಿಯಲ್ಲಿದ್ದೆ...

ತೊಂಬತ್ತರ ದಶಕದ ಕೊನೆಯ ವರ್ಷಗಳು. ಅಲ್ಲಿನ ಪ್ರಾಥಮಿಕ ಶಾಲೆಗೆ ಹೊಸದಾಗಿ ಟೀಚರಾಗಿ ಹೋಗಿದ್ದೆ. ನನ್ನ ಬಾಡಿಗೆ ಮನೆಯ ಗೋಡೆಯಾಚೆಗೇ ಹಿರಿಯ ಹೆಂಗಸೊಬ್ಬರ ಮಗ್ಗ. ಅವರನ್ನು ಬೀದಿಯವರೆಲ್ಲ ಮಗ್ಗದಮ್ಮ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅರವತ್ತು ದಾಟಿದ್ದರೂ ದಿನವಿಡೀ ರೇಷ್ಮೆ ಸೀರೆ ನೇಯುತ್ತಿದ್ದರು. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ. ಆ ಊರಲ್ಲಿ ಅದೇನು ದೊಡ್ಡ ವಿಷಯವಾಗಿರಲಿಲ್ಲ.

ಬೀದಿಯ ತುದಿಯ ಆಟೊ ನಿಲ್ದಾಣದಲ್ಲಿ ನವೆಂಬರ್ ಒಂದಕ್ಕೆ ಕನ್ನಡ ಬಾವುಟ ಏರಿಸುತ್ತಿದ್ದರು. ಆ ವರ್ಷ ಏರಿಸಿದ್ದನ್ನು ಸಂಕ್ರಾಂತಿ ಕಳೆದರೂ ಇಳಿಸಿರಲಿಲ್ಲ. ಹಗಲಿರುಳು ಗಾಳಿಗೆ ಬಡಿದುಕೊಂಡು ಅಂಚು ಎಳೆಎಳೆಯಾಗಿತ್ತು, ಹಳದಿ ಬಣ್ಣ ಬಿಳಿಚಿತ್ತು. ಮಗ್ಗದಮ್ಮ ಮೂರು ಸಲ ಹೋಗಿ ಹೇಳಿದರು. "ಹೊತ್ತು ಮುಳುಗೋದ್ರೊಳಗೆ ಇಳಿಸ್ರಪ್ಪ. ಹರಿದಿದ್ದನ್ನ ಹಾರಿಸಬಾರ್ದು." ಚಾಲಕರು ನಕ್ಕುಬಿಟ್ಟರು.

ನಾಲ್ಕನೆಯ ಸಲ ಮಗ್ಗದಮ್ಮ ನೇರ ಕಂಬದ ಬಳಿಗೇ ಹೋದರು. ಹಗ್ಗ ಬಿಚ್ಚಿ ಬಾವುಟ ಇಳಿಸಿ ಮನೆಗೆ ತಂದರು. ಒಗೆದರು, ಒಣಗಿಸಿದರು, ಮಡಿಚಿದರು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಹೊಸ ಮಡಕೆಯೊಂದರಲ್ಲಿಟ್ಟು, ಕರ್ಪೂರ ಹಚ್ಚಿ ಸುಟ್ಟರು. ಪೂರ್ತಿ ಉರಿಯುವ ತನಕ ನಿಂತೇ ಇದ್ದರು. ನಾನು ಗೋಡೆಯ ಈಚೆಯಿಂದ ಕಂಡೆ. ಹಿತ್ತಲ ಓಣಿಯಲ್ಲಿ ಹೋಗುತ್ತಿದ್ದವರೊಬ್ಬರೂ ಕಂಡರು. ಅರ್ಧ ಗಂಟೆಯಲ್ಲಿ ಮಗ್ಗದಮ್ಮನ ಬಾಗಿಲ ಮುಂದೆ ಹತ್ತು ಹನ್ನೆರಡು ಗಂಡಸರು.

"ನಮ್ಮ ಬಾವುಟ ಸುಡ್ತೀಯಾ?" ಎಂದ ಮುಂದಿದ್ದ ಆಟೊ ಚಾಲಕ. "ಮನೇಲಿ ತೆಲುಗು ಮಾತಾಡೋಳಿಗೆ ಅದರ ಬೆಲೆ ಏನು ಗೊತ್ತು?"

ಮಗ್ಗದಮ್ಮ ಹೊಸ್ತಿಲ ಮೇಲೆ ನಿಂತರು. "ಸುಟ್ಟೆ. ಚಿಂದಿಯಾದ ಬಾವುಟನ ತಿಪ್ಪೆಗೆ ಎಸೀಬಾರ್ದು, ಒರೆಸಾಕೆ ಬಳಸಬಾರ್ದು. ಒಗೆದು, ಮಡಿಚಿ, ಮರ್ಯಾದೆಯಿಂದ ಸುಡ್ಬೇಕು. ಅದನ್ನೇ ಮಾಡೀನಿ."

"ಇದೆಲ್ಲ ಠಾಣೇಲಿ ಹೇಳು, ನಡಿ."

"ನಡೀರಿ. ಚಪ್ಪಲಿ ಹಾಕ್ಕಂತೀನಿ."

ಅವರು ನಿಜಕ್ಕೂ ಚಪ್ಪಲಿ ಹಾಕಿಕೊಂಡರು. ಅಷ್ಟು ಹೊತ್ತೂ ನಾನು ನನ್ನ ಬಾಗಿಲ ಹಿಂದಿದ್ದೆ. ಅವರು ಹೇಳಿದ್ದು ಸರಿಯೆಂದು ಗೊತ್ತಿತ್ತು. ಬೇರೆ ಊರವಳು, ಒಂಟಿ ಹೆಣ್ಣು, ನನಗೇಕೆ ಎಂದು ಚಿಲಕ ಹಿಡಿದು ನಿಂತಿದ್ದೆ. ಅವರು ಮೆಟ್ಟಿಲಿಳಿದದ್ದು ಕಂಡ ಮೇಲೆ ಒಳಗಿರಲಾಗಲಿಲ್ಲ. ಹೊರಗೆ ಬಂದೆ. "ಅಮ್ಮ ಹೇಳೋದು ಸರಿ. ಶಾಲೇಲೂ ನಾವು ಹಾಗೇ ಮಾಡೋದು," ಎಂದೆ. ಟೀಚರ್ ಹೇಳಿದ್ದಕ್ಕೋ ಏನೋ, ಹಿಂದಿದ್ದವರು ಒಬ್ಬೊಬ್ಬರಾಗಿ ಸರಿದರು. ಆ ಚಾಲಕನೊಬ್ಬನೇ ಉಳಿದ.

ಮಗ್ಗದಮ್ಮ ಅವನಿಗೆ, "ನಾಳೆ ಬಾ. ಹೊಸದು ಹೊಲಿದಿಡ್ತೀನಿ. ಹಳದಿ ಮೇಲೆ, ಕೆಂಪು ಕೆಳಗೆ. ಸಂಜೆ ನೀವು ಇಳಿಸ್ದಿದ್ರೆ ನಾನೇ ಬರ್ತೀನಿ," ಎಂದರು.

ಹೊಸ ಬಾವುಟ ಏರಿತು, ಸಂಜೆ ಮಗ್ಗದಮ್ಮ ಬಂದರೂ ಬಂದರು. ನಾಲ್ಕು ಸಂಜೆ ಮಗ್ಗ ಬಿಟ್ಟೆದ್ದು, ಮಂಡಿ ಹಿಡಿದುಕೊಂಡು ನಿಲ್ದಾಣಕ್ಕೆ ಹೋಗಿ ಇಳಿಸಿದರು. ಯಾರೂ ಅಡ್ಡ ಬರಲಿಲ್ಲ, ಯಾರೂ ಕೈ ಜೋಡಿಸಲೂ ಇಲ್ಲ. ಐದನೆಯ ಸಂಜೆ ನಾನೂ ಜೊತೆಗಿದ್ದೆ. ಆ ಚಾಲಕ ಆಗಲೇ ಹಗ್ಗ ಹಿಡಿದು ನಿಂತಿದ್ದ. "ಕುತ್ಕಳ್ರಿ ಅಮ್ಮ, ನಾನು ಇಳಿಸ್ತೀನಿ," ಎಂದ. ಅವರು ಕೂರಲಿಲ್ಲ. ಬಾವುಟ ನೆಲಕ್ಕೆ ತಾಕದಂತೆ ಎರಡೂ ಕೈ ಚಾಚಿ ನಿಂತರು.

ಆಮೇಲೆ ನನಗೆ ಚಳ್ಳಕೆರೆಗೆ ವರ್ಗವಾಯಿತು. ಅವರು ತೀರಿಹೋದ ಸುದ್ದಿ ಮೂರು ತಿಂಗಳು ತಡವಾಗಿ, ಬಸ್ಸಿನಲ್ಲಿ ಸಿಕ್ಕ ಆ ಬೀದಿಯ ಹೆಂಗಸೊಬ್ಬರಿಂದ ತಿಳಿಯಿತು. ಆ ದಿನ ನಾನು ಮುಂದೆ ಬಂದು ಮಾತಾಡಿದೆನೆಂದು ಮಗ್ಗದಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದರಂತೆ. ಅದಕ್ಕೂ ಮೊದಲು ಎಷ್ಟು ಹೊತ್ತು ಬಾಗಿಲ ಹಿಂದಿದ್ದೆ ಎಂಬುದನ್ನು ಒಂದು ಭಾನುವಾರ ಹೋಗಿ ಅವರಿಗೆ ಹೇಳಬೇಕೆಂದಿದ್ದೆ... ಹೋಗಲಿಲ್ಲ. ಈಗ ಅದನ್ನು ಕೇಳಬೇಕಾದವರು ಇಲ್ಲ.