ಚಪ್ಪಲಿ ಬಿಚ್ಚಿ ಓಡಿಸುವ ಗಾಡಿ

ಸೂಳೆಕೆರೆ ದಾಟಿ ಚನ್ನಗಿರಿ ಕಡೆಗೆ ಏರು ಹತ್ತುವಾಗ ಕೆಂಪು ದೀಪ ಮತ್ತೆ ಹತ್ತಿತು. ಗೇರ್‌ಬಾಕ್ಸ್ ಕಾದಿದೆ ಎಂದು ಹೇಳುವ ದೀಪ ಅದು. ಇಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ಎಳೆಯುತ್ತಿರಲಿಲ್ಲ. ಸುಟ್ಟ ಎಣ್ಣೆಯ ವಾಸನೆ ಹಿಂದಿನ ಅಡುಗೆ ಕಟ್ಟೆಯವರೆಗೂ ಹರಡಿತು. ರಸ್ತೆ ಬದಿಗೆ ನಿಲ್ಲಿಸಿ ಸ್ಟೇರಿಂಗ್ ಮೇಲೆ ಎರಡೇಟು ಹಾಕಿದೆ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ.

ಅದು ನಮ್ಮ ಮನೆ ಗಾಡಿ. ನಮ್ಮ ಎಂದರೆ ಅಕ್ಕನದು ಮತ್ತು ನನ್ನದು. ಇಬ್ಬರೂ ಶಾಲೆಯಲ್ಲಿ ಟೀಚರ್ ಆಗಿದ್ದೆವು, ಇಬ್ಬರೂ ಮದುವೆಯ ಗೊಡವೆಗೆ ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಹೊನ್ನಾಳಿಯ ಮನೆಯಲ್ಲಿ ಎದುರುಬದುರು ಕೂತು ಎಷ್ಟು ದಿನ ಜಗಳವಾಡುವುದು, ಊರೂರು ತಿರುಗುತ್ತಾ ಆಡೋಣ ಎಂದು ಅಕ್ಕನೇ ಹಳೆಯ ವ್ಯಾನೊಂದನ್ನು ಹುಡುಕಿ ತಂದಳು. ಅದರೊಳಗೆ ಎರಡು ಹಾಸಿಗೆ, ಒಂದು ಗ್ಯಾಸ್ ಒಲೆ, ನೀರಿನ ಟ್ಯಾಂಕು ಮಾಡಿಸಿದೆವು. ಅವಳ ಎಡ ಮೊಣಕಾಲಿಗೆ ಕ್ಲಚ್ ತುಳಿಯಲು ಆಗುತ್ತಿರಲಿಲ್ಲ. ಅದಕ್ಕೇ ಗೇರ್ ತಾನೇ ಬದಲಾಗುವ ಗಾಡಿಯೇ ಬೇಕೆಂದು ಹಟ ಹಿಡಿದಿದ್ದಳು. ನಾಲ್ಕು ವರ್ಷ ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತು ತಪ್ಪು ಹುಡುಕಿದೆ. ನನಗೂ ಅವಳೇ ಕಲಿಸಿದಳು. ಕಳೆದ ಬೇಸಿಗೆಯಲ್ಲಿ ನಾಲ್ಕು ದಿನ ಜ್ವರ ಬಂದು ಹೋಗಿಬಿಟ್ಟಳು.

ಆಮೇಲೆ ಗಾಡಿ ಓಡಿಸುವವಳು ನಾನೊಬ್ಬಳೇ. ನ್ಯಾಮತಿಯಲ್ಲಿರುವ ನಮ್ಮ ತಮ್ಮನಿಗೆ ಅದು ಹಿಡಿಸಲಿಲ್ಲ. ಸವಳಂಗದ ಹತ್ತಿರ ಒಮ್ಮೆ ಹೀಗೇ ನಿಂತು, ಅವನೇ ಬಂದು ಕರೆದುಕೊಂಡು ಹೋಗಬೇಕಾಗಿತ್ತು. "ಸಣ್ಣಕ್ಕ, ಇನ್ನೊಂದು ಸಲ ದಾರೀಲಿ ಕೈಕೊಟ್ರೆ ಮಾರಿಬಿಡಾದೇ ಸೈ. ಒಬ್ಬಳೇ ಎಲ್ಲೋ ನಿಂತ್ಕಂಡ್ರೆ ನಾವು ಹೆಂಗೆ ನಿದ್ದೆ ಮಾಡಾದು?" ಎಂದಿದ್ದ. ಕೊಳ್ಳುವವರನ್ನೂ ಗೊತ್ತುಮಾಡಿದ್ದ, ಸೋಮವಾರ ನೋಡಲು ಬರುವವರಿದ್ದರು. ಅಷ್ಟರೊಳಗೆ ರಿಪೇರಿ ಆಗದಿದ್ದರೆ ಕೊಟ್ಟುಬಿಡುತ್ತೇನೆ ಎಂದು ನಾನೂ ಮಾತು ಕೊಟ್ಟಿದ್ದೆ. ಆ ಗಾಡಿಯಲ್ಲಿ ಕೂತಾಗ ಮಾತ್ರ ಅಕ್ಕ ಎಲ್ಲೋ ಹತ್ತಿರದಲ್ಲಿದ್ದಾಳೆ ಅನ್ನಿಸುತ್ತದೆ ಎಂದು ಅವನಿಗೆ ಹೇಳಲು ನಾಚಿಕೆಯಾಯಿತು.

ನಾನೇನು ಸುಮ್ಮನೆ ಕೂತಿರಲಿಲ್ಲ. ಹೊನ್ನಾಳಿಯಲ್ಲಿ ಗೇರ್ ಆಯಿಲ್ ಬದಲಾಯಿಸಿದೆ. ಹಳೆಯದು ಕಾಫಿ ಡಿಕಾಕ್ಷನ್‌ನಷ್ಟು ಕಪ್ಪಗಿತ್ತು. ಒಂದು ವಾರ ಸರಿಹೋಯಿತು, ಮತ್ತೆ ದೀಪ. ಗಾಡಿಗೆ ಭಾರ ಜಾಸ್ತಿ ಎಂದು ಇನ್ನೊಬ್ಬ ಮೆಕ್ಯಾನಿಕ್ ಹೇಳಿದರು. ನೀರಿನ ಟ್ಯಾಂಕು ಖಾಲಿ ಮಾಡಿದೆ. ದೀಪ ಸ್ವಲ್ಪ ತಡವಾಗಿ ಹತ್ತಿತು, ಅಷ್ಟೇ.

ಗಾಡಿ ಯಾವ ಕಾರಣಕ್ಕೆ ದಾರಿಯಲ್ಲಿ ನಿಂತರೂ ಅಕ್ಕ, "ತಾಳಿದವನು ಬಾಳಿಯಾನು, ಟೀ ಇಡೇ" ಎನ್ನುತ್ತಿದ್ದಳು. ಅಂದೂ ಟೀ ಇಟ್ಟೆ. ಸಕ್ಕರೆ ಸುರಿದಿದ್ದೀಯ ಎಂದು ಬಯ್ಯುವವರಿರಲಿಲ್ಲ. ನನಗೆ ಅಕ್ಕ ಬೇಕು ಅನ್ನಿಸಿತು, ಸಣ್ಣ ಮಕ್ಕಳಿಗೆ ಅನ್ನಿಸುವ ಹಾಗೆ. ಗೇರ್‌ಬಾಕ್ಸ್ ಆರುವವರೆಗೂ ಅತ್ತೆ.

ಚನ್ನಗಿರಿಯ ಮೆಕ್ಯಾನಿಕ್ ನನಗಿಂತ ಹಿರಿಯರು. ಬಾನೆಟ್ ಎತ್ತುವ ಮೊದಲು ಕೇಳಿದರು, "ಯಾವಾಗಿಂದ ಹಿಂಗೆ ಕಾಯಾಕೆ ಹತ್ತೈತ್ರೀ?"

ಹೋದ ಚಳಿಗಾಲದಿಂದ ಎಂದೆ.

"ಅವಾಗ ಎಲ್ಲಿಗೆ ಹೋಗಿದ್ರಿ?"

"ಜಗಳೂರು ಕಡೆಗೆ."

"ಹುರುಳಿ ತುಳಿಸಿದ್ರೇನು?"

ನಾನು ತಬ್ಬಿಬ್ಬಾದೆ. ತುಳಿಸಿದ್ದೆವು. ಆ ಕಡೆ ಚಳಿಗಾಲದಲ್ಲಿ ಹುರುಳಿ ಗಿಡವನ್ನು ಕಿತ್ತು ಡಾಂಬರು ರಸ್ತೆಯ ಮೇಲೇ ಹಾಸುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಬಿಡಿಸಿಕೊಳ್ಳುತ್ತದೆ. ಬೇರೆಯವರು ಬಯ್ದುಕೊಂಡು ಹಾದುಹೋಗುತ್ತಾರೆ. ಅಕ್ಕ ಹಾಗಲ್ಲ. ಗಾಡಿ ನಿಲ್ಲಿಸಿ, ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಇಟ್ಟಳು.

"ನಿನ್ನವೂ ಬಿಚ್ಚೇ. ಕಣಕ್ಕೆ ಯಾರಾದ್ರೂ ಚಪ್ಪಲಿ ಹಾಕ್ಕಂಡು ಹೋಗ್ತಾರೇನು?"

"ತುಳಿಯಾದು ಟೈರು. ಹಂಗಾರೆ ಅದನ್ನೂ ಬಿಚ್ಚು" ಎಂದೆ ನಾನು.

ಆದರೂ ಬಿಚ್ಚಿದೆ. ಅವಳು ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತಿ, ಹಾಸಿನ ಮೇಲೆ ಮೆಲ್ಲಗೆ ಮುಂದಕ್ಕೆ ಹೋಗಿ, ಹಿಂದಕ್ಕೆ ಬಂದು, ಐದು ಸಲ ತುಳಿಸಿದಳು. ಎರಡು ಸಲ ಸಾಕು, ಬಿಸಿಲೇರುತ್ತಿದೆ ಎಂದು ನಾನು ಗೊಣಗುತ್ತಲೇ ಇದ್ದೆ. ಹುರುಳಿಯವರು ಸೆರಗಿನ ತುಂಬ ಕಾಳು ತಂದು ಕೊಟ್ಟರು. ಅದರ ಕಟ್ಟಿನ ಸಾರನ್ನು ಈ ಗಾಡಿಯಲ್ಲೇ ಮಾಡಿ ಉಂಡಿದ್ದೆವು.

ಮೆಕ್ಯಾನಿಕ್ ಗಾಡಿಯ ಮುಂದಿನ ಗ್ರಿಲ್ ಬಿಚ್ಚಿದರು. ಗೇರ್ ಆಯಿಲ್ ತಣಿಸಲು ಅಲ್ಲೊಂದು ಜಾಲರಿ ಇರುತ್ತದೆ. ಗಾಳಿ ಅದರೊಳಗೆ ನುಗ್ಗಬೇಕು. ಆ ಜಾಲರಿಯ ತುಂಬ ಹುರುಳಿಯ ಹೊಟ್ಟು, ಒಣಗಿದ ಎಲೆ, ಧೂಳು ಸೇರಿ ದಪ್ಪ ಕಂಬಳಿಯ ಹಾಗೆ ಕಟ್ಟಿತ್ತು.

"ಒಂದು ಕಣನೇ ಐತಲ್ರೀ ಇಲ್ಲಿ! ಪಾಪ, ಗಾಡಿ ಉಸಿರಾಡಾದಾದ್ರೂ ಹೆಂಗೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ನಾನು ವರ್ಷವಿಡೀ ಶಪಿಸಿದ್ದು ಅಕ್ಕನ ಕೊನೆಯ ಪ್ರವಾಸವನ್ನೇ. ಅವರು ಗಾಳಿ ಪೈಪು ಹಿಡಿದಾಗ ಹೊಟ್ಟು ಹಾರಿ ನನ್ನ ಸೀರೆಯ ಮೇಲೆಲ್ಲ ಕೂತಿತು. ಒರೆಸಿಕೊಳ್ಳಲು ಮನಸ್ಸಾಗಲಿಲ್ಲ.

ಗಾಡಿ ಕೊಡುವಾಗ ಅವರು ಎಚ್ಚರಿಸಿದರು, "ಇನ್ಮೇಲೆ ಹಾಸು ಕಂಡ್ರೆ ಪಕ್ಕದಾಗೆ ಇಳಿಸ್ಕಂಡು ಹೋಗ್ರಿ. ಇಲ್ಲಾಂದ್ರೆ ಮತ್ತೆ ಇದೇ ಕತೆ."

"ತುಳಿಸಲೇಬೇಕಾದರೆ?"

ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. "ಅವತ್ತೇ ಬ್ರಶ್ ಹಾಕಿ ತೆಗೀರಿ."

ದೂರ ಓಡಿಸಿ ನೋಡಬೇಕಿತ್ತು. ಮರುದಿನ ಬೆಳಿಗ್ಗೆ ಟ್ಯಾಂಕಿಗೆ ನೀರು ತುಂಬಿಸಿಕೊಂಡು ಜಗಳೂರಿನ ದಾರಿ ಹಿಡಿದೆ. ಏರಿನಲ್ಲೂ ದೀಪ ಹತ್ತಲಿಲ್ಲ, ಊರು ಮುಟ್ಟಿದರೂ ಹತ್ತಲಿಲ್ಲ. ತಮ್ಮನಿಗೆ ಫೋನ್ ಮಾಡಿ, ಸೋಮವಾರ ಯಾರೂ ಬರುವುದು ಬೇಡ ಎಂದೆ. ಅವನು, "ನಿನ್ನಿಷ್ಟ ಸಣ್ಣಕ್ಕ. ಮೆಲ್ಲಗೆ ಬಾ" ಎಂದ.

ಊರು ದಾಟಿದ ಮೇಲೆ ರಸ್ತೆಯ ಮೇಲೆ ಹುರುಳಿ ಹಾಸಿತ್ತು. ಪಕ್ಕದಲ್ಲಿ ಇಳಿಸಿಕೊಂಡು ಹೋಗುವಷ್ಟು ಜಾಗವೂ ಇತ್ತು. ಮೊರ ಹಿಡಿದ ಹೆಂಗಸೊಬ್ಬಳು ಕೈ ಬೀಸಿದಳು. "ಒಂಚೂರು ತುಳಿಸ್ಕಂಡು ಹೋಗ್ರೀ ಅಮ್ಮಾರೇ."

ಗಾಡಿ ನಿಲ್ಲಿಸಿದೆ. ಬಗ್ಗಿ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ಇಟ್ಟೆ. ಎಡಕ್ಕೆ ತಿರುಗಿ, "ನಿನ್ನವೂ ಬಿಚ್ಚೇ" ಎಂದುಬಿಟ್ಟೆ.

ಎರಡು ಸಲ ತುಳಿಸಿದ್ದರೆ ಸಾಕಿತ್ತು. ಸಾಕು ಎನ್ನುವವರು ಪಕ್ಕದಲ್ಲಿ ಯಾರೂ ಇರಲಿಲ್ಲ. ಐದು ಸಲ ತುಳಿಸಿದೆ.