ಇವತ್ತ ಯಾರ ಬಂದಿಲ್ಲ?

ಟ್ರೇನಿಂಗ್ ಕಾಲೇಜಿನಲ್ಲಿ ನಮಗೆ ಎಣಿಕೆ ಕಲಿಸುವ ವಿದ್ಯೆಯನ್ನು ಹೇಳಿಕೊಟ್ಟದ್ದು ಬಣ್ಣದ ಮಣಿಗಳಿಂದ. ಕೆಂಪು, ಹಳದಿ, ಹಸಿರು ಮಣಿ ಪೋಣಿಸಿದ ಚೌಕಟ್ಟನ್ನು ಮೇಜಿನ ಮೇಲಿಟ್ಟು ಒಂದೊಂದೇ ಮಣಿ ಸರಿಸುತ್ತ ಹೋದರೆ ಮಗು ತಾನಾಗಿಯೇ ಎಣಿಸುತ್ತದೆ ಎಂದಿದ್ದರು. ಎಪ್ಪತ್ತರ ದಶಕದಲ್ಲಿ ನನಗೆ ಮೊದಲ ನೌಕರಿ ಸಿಕ್ಕಿದ್ದು ತಿಕೋಟಾ ಮತ್ತು ಬಬಲೇಶ್ವರದ ನಡುವಿನ ಒಂದು ಸಣ್ಣ ಊರಿನ ಸಾಲೆಯಲ್ಲಿ. ಅಲ್ಲಿ ಮಣಿ ಹಾಗಿರಲಿ, ಮೇಜೇ ಇರಲಿಲ್ಲ. ಎರಡು ಕೋಣೆ, ಒಂದು ಬೇವಿನ ಗಿಡ, ಬೀಗವಿಲ್ಲದ ಒಂದು ಟ್ರಂಕು, ಮತ್ತು ನಿವೃತ್ತಿಯ ಹತ್ತಿರಕ್ಕೆ ಬಂದಿದ್ದ ಹೆಡ್‌ಮಾಸ್ತರರು. ಅವರು ಮೇಲಿನ ತರಗತಿಗಳನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು, ಒಂದನೆಯ ತರಗತಿಯ ಮೂವತ್ತೊಂದು ಮಕ್ಕಳನ್ನು ನನ್ನ ಕೈಗೆ ಕೊಟ್ಟು, "ಇನ್ನ ಇವು ನಿಮ್ಮವ್ರಿ ಅಕ್ಕೋರ" ಎಂದು ಕೈ ತೊಳೆದುಕೊಂಡರು. ನಮ್ಮ ಕಡೆ ಸಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುತ್ತಾರೆ. ನನಗಾಗ ಇಪ್ಪತ್ತು ದಾಟಿತ್ತು ಅಷ್ಟೆ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ನಮ್ಮ ಮನೆ ವಿಜಾಪುರದಲ್ಲಿ, ಸೊಲ್ಲಾಪುರ ರಸ್ತೆಯ ಹತ್ತಿರ. ರಸ್ತೆಯುದ್ದಕ್ಕೂ ಲಾರಿ ರಿಪೇರಿಯ ಗ್ಯಾರೇಜುಗಳು. ಒಬ್ಬ ಮಿಸ್ತ್ರಿಯನ್ನು ಕಾಡಿ ಬೇಡಿ ಹಳೆಯ ಬೇರಿಂಗುಗಳ ಕಬ್ಬಿಣದ ಗುಂಡುಗಳನ್ನು ತಂದೆ. ಫಳಫಳ ಹೊಳೆಯುವ ಐವತ್ತು ಗುಂಡು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮೂರನೆಯ ದಿನ ಟ್ರಂಕು ತೆಗೆದರೆ ಹನ್ನೊಂದು ಉಳಿದಿದ್ದವು. ಮಿಕ್ಕವು ಊರಿನ ಓಣಿಗಳಲ್ಲಿ ಗೋಲಿಗಳಾಗಿ ಉರುಳಾಡುತ್ತಿದ್ದವು. ಆಮೇಲೆ ಶೇಂಗಾ ತಂದೆ. ಅವು ಕೂಡಿಸುವ ಲೆಕ್ಕ ಮುಗಿಯುವ ಮೊದಲೇ ಹೊಟ್ಟೆ ಸೇರಿದವು. ಹುಣಸೆ ಬೀಜವನ್ನು ಯಾರು ತಿಂದಾರು ಎಂದುಕೊಂಡೆ, ಮನೆಗೆ ಒಯ್ದು ಹುರಿದುಕೊಂಡು ತಿಂದರು. ಜೋಳದ ದಂಟನ್ನು ಬೆರಳುದ್ದ ಕತ್ತರಿಸಿ ಹತ್ತು ಹತ್ತರ ಕಟ್ಟು ಕಟ್ಟಿದೆ. ಬಾಗಿಲಿಲ್ಲದ ಕೋಣೆಗೆ ನುಗ್ಗಿದ ಒಂದು ಆಡು ಎರಡು ಕಟ್ಟುಗಳನ್ನು ನೆಮ್ಮದಿಯಾಗಿ ಮೆದ್ದು ಹೋಯಿತು.

ತಿನ್ನಲು ಬಾರದ, ಕದಿಯಲು ಬಾರದ ವಸ್ತು ಬೇಕಿತ್ತು. ಹಾಗಾದರೆ ಮಕ್ಕಳ ಮನೆಯಲ್ಲಿರುವುದನ್ನೇ ಎಣಿಸಲು ಹೇಳಿದರೆ ಹೇಗೆ ಎಂದು ಹೊಳೆಯಿತು. ನಾಳೆ ಬರುವಾಗ ನಿಮ್ಮ ಮನೆಯ ಎತ್ತು, ಕೋಳಿ, ಕೊಡ, ಎಲ್ಲ ಎಣಿಸಿಕೊಂಡು ಬನ್ನಿ ಎಂದೆ. ಮರುದಿನ ಕೋಣೆಯಲ್ಲಿ ಗದ್ದಲವೋ ಗದ್ದಲ. ಒಬ್ಬನ ಮನೆಯಲ್ಲಿ ಆರು ಕೊಡ, ಒಬ್ಬಳ ಮನೆಯಲ್ಲಿ ಒಂಬತ್ತು ಕೋಳಿ. ಒಬ್ಬನಂತೂ ತನ್ನ ಮುತ್ಯಾನ ಬಾಯಲ್ಲಿ ಉಳಿದಿರುವ ಹಲ್ಲುಗಳನ್ನು ಎಣಿಸಿಕೊಂಡು ಬಂದಿದ್ದ. ನಾನು ಹಿಗ್ಗಿ ಹೀರೇಕಾಯಿಯಾದೆ.

ಮುಂದಿನ ಸಾಲಿನಲ್ಲಿ ಒಬ್ಬಳು ಹುಡುಗಿ ಮಾತ್ರ ಬಾಯಿ ಬಿಡಲಿಲ್ಲ. ಅವಳು ಕುರಿ ಸಾಕುವವರ ಮನೆಯವಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೊಣಕಾಲಿನ ಮೇಲೆ ಬಿಗಿಯಾಗಿ ಹಿಡಿದ ಬರೆಯುವ ಪಾಟಿ.

"ನಿಮ್ಮನ್ಯಾಗ ಎಷ್ಟ ಕುರಿ ಅದಾವ?" ಎಂದು ಕೇಳಿದೆ.

ಅವಳು ತುಟಿ ಬಿಗಿದುಕೊಂಡಳು.

"ಹತ್ತ? ಇಪ್ಪತ್ತ? ಎಣಿಸಾಕ ಬರತೈತಿಲ್ಲೋ?"

ಉತ್ತರವಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಮೂರನೆಯ ದಿನ ನನ್ನ ಸಿಟ್ಟು ಕಟ್ಟೆ ಒಡೆಯಿತು. "ಇಷ್ಟೂ ಹುಡುಗೂರೊಳಗ ನೀನಽ ದಡ್ಡಿ ನೋಡು" ಎಂದು ಎಲ್ಲರ ಎದುರಿಗೆ ಅಂದುಬಿಟ್ಟೆ. ಮಕ್ಕಳು ಕೈ ತಟ್ಟಿ ನಕ್ಕರು. ಅವಳು ಅಳಲಿಲ್ಲ, ಪಾಟಿಯನ್ನು ಒರೆಸಿದ್ದನ್ನೇ ಒರೆಸುತ್ತ ಕುಳಿತಳು. ಹಾಗೆ ಅಂದದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಬೆಳಿಗ್ಗೆ ಅವಳ ಅಜ್ಜಿ ಕೋಲೂರಿಕೊಂಡು ಸಾಲೆಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತು ನನ್ನನ್ನು ತರಾಟೆಗೆ ತೆಗೆದುಕೊಂಡಳು.

"ಏನ್ರಿ ಅಕ್ಕೋರ, ಕುರಿ ಎಣಿಸಿ ಹೇಳಂತ ಹೇಳೀರೇನು? ಕುರಿ ಎಣಿಸಿ ಮಂದಿ ಮುಂದ ಹೇಳಿದ್ರ ನೆದರ ಆಗತೈತ್ರಿ, ಮಂದಿ ಕಣ್ಣ ಬೀಳತೈತಿ. ನಮ್ಮ ಹಿರ್ಯಾರು ಎಣಿಸಿಲ್ಲ, ನಾವೂ ಎಣಿಸೂದಿಲ್ಲ. ಬೇಕಾದ್ರ ನಿಮ್ಮ ಹುಡುಗೂರನ್ನ ಎಣಿಸಿಕೋರಿ, ನಮ್ಮ ಕುರಿ ಬಿಡ್ರಿ."

"ಎಣಿಸದಿದ್ರ ಒಂದು ಕಳದ್ರ ಹೆಂಗ ಗೊತ್ತಾಗತೈತಿ ಆಯಿ?" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಇಷ್ಟೂ ತಿಳಿಯದವಳಿಗೆ ಸರಕಾರ ಸಂಬಳ ಹೇಗೆ ಕೊಡುತ್ತದೆ ಎಂಬ ಅನುಮಾನ ಅವಳ ಕಣ್ಣಿನಲ್ಲಿತ್ತು. "ಮಾರಿ ನೋಡಿದ್ರ ಗೊತ್ತಾಗತೈತಿ" ಎಂದಳು. ಕುರಿಗೂ ಮುಖ ಇರುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಹೋಗುವಾಗ ಇನ್ನೊಂದು ಮಾತು ಹೇಳಿದಳು. ಸುಗ್ಗಿ ಮುಗಿದ ಮೇಲೆ ಮಗ ಸೊಸೆ ಕುರಿ ಹೊಡೆದುಕೊಂಡು ಹೊಳೆಯ ಕಡೆಗೆ ಹೋಗುವವರು. "ಪಾಸಾದ್ರ ನನ್ನ ಹಂತೇಕ ಇಟ್ಟುಕೊಂಡು ಸಾಲಿ ಕಲಿಸ್ತೇನಿ. ನಪಾಸಾದ್ರ ಅಪ್ಪ ಕುರಿ ಹಿಂದ ಕರಕೊಂಡು ಹೊಕ್ಕಾನ. ಹಂಗ ಮಾತಾಗೇತಿ" ಎಂದು ಕೋಲು ಕುಟ್ಟುತ್ತ ಹೊರಟಳು. ದಡ್ಡಿ ಎಂದು ನಾನು ಅಂದ ಮಾತಿಗೆ ಎಷ್ಟು ಭಾರ ಇತ್ತೆಂದು ಆಗ ತಿಳಿಯಿತು.

ಅವತ್ತು ಸಂಜೆ ಬಸ್ಸು ಬರಲು ಹೊತ್ತಿತ್ತು. ಅವರ ಕುರಿಗಳು ತಂಗಿದ್ದ ಹೊಲ ರಸ್ತೆಯ ಪಕ್ಕದಲ್ಲೇ ಇತ್ತು, ಹೋಗಿ ನಿಂತೆ. ಬಲೆ ಕಟ್ಟಿದ ದೊಡ್ಡಿಯ ಸಂದಿಯಲ್ಲಿ ಆ ಹುಡುಗಿ ನಿಂತಿದ್ದಳು. ಕುರಿಗಳು ಒಂದರ ಮೇಲೊಂದು ಬಿದ್ದು ಒಳಗೆ ನುಗ್ಗಿದವು. ಧೂಳಿನಲ್ಲಿ ನನಗೆ ಒಂದಕ್ಕೊಂದು ಬೇರೆ ಎಂದೇ ಕಾಣಲಿಲ್ಲ. ಅವಳು ಮಾತ್ರ ತಿರುಗಿ, "ಯಪ್ಪಾ, ಕರಿ ಕಿವೀದೂ ಅದರ ಮರೀನೂ ಬಂದಿಲ್ಲ" ಎಂದು ಕೂಗಿದಳು. ಅವಳ ಅಪ್ಪ ಮರುಮಾತಾಡದೆ ಬಂದ ದಾರಿಗೆ ನಡೆದ. ಸ್ವಲ್ಪ ಹೊತ್ತಿಗೆ ಒಂದು ಕಪ್ಪು ಕಿವಿಯ ಕುರಿ, ಅದರ ಹಿಂದೆ ಒಂದು ಮರಿ, ಬಂದವು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ.

ಮರುದಿನದಿಂದ ಹೆಸರು ಕೂಗಿ ಹಾಜರಿ ಹಾಕುವುದನ್ನು ನಿಲ್ಲಿಸಿದೆ. ಹೊಸ್ತಿಲಲ್ಲಿ ನಿಂತು ಒಂದೇ ಪ್ರಶ್ನೆ: "ಇವತ್ತ ಯಾರ ಬಂದಿಲ್ಲ?" ಮಕ್ಕಳೆಲ್ಲ ಒಬ್ಬರ ಮುಖ ಒಬ್ಬರು ನೋಡಬೇಕು. ಬಾರದವರಿಗೊಂದೊಂದು ಹರಳುಕಲ್ಲನ್ನು ಹೊಸ್ತಿಲ ಮೇಲೆ ಇಡಬೇಕು. ಕರಿಹಲಗೆಯ ಮೇಲೆ ಮೂವತ್ತೊಂದು ಎಂದು ಬರೆದು, ಹೊಸ್ತಿಲ ಹರಳುಗಳನ್ನು ಎಣಿಸಿ ಕಳೆದು, ಉಳಿದದ್ದನ್ನು ಹೇಳಬೇಕು. ಮೊದಲ ದಿನ ಎಲ್ಲರೂ ತಡಕಾಡುತ್ತಿರುವಾಗ ಆ ಹುಡುಗಿ ಒಮ್ಮೆ ಹಿಂದೆ ತಿರುಗಿ ನೋಡಿ ನಾಲ್ಕು ಹರಳು ಇಟ್ಟು, "ನಾಕ್ರಿ" ಎಂದಳು. ನಾನು ಹಾಜರಿ ಪುಸ್ತಕದ ಹೆಸರುಗಳನ್ನು ಕುಳಿತ ಮಕ್ಕಳೊಂದಿಗೆ ತಾಳೆ ನೋಡಿದೆ, ನಾಲ್ಕೇ ಸರಿ. ನಾಲ್ಕು ಎಂದು ಅವಳ ಬಾಯಿಂದ ಬಂದದ್ದೇ ನಾನು ಕೇಳಿದ ಅವಳ ಮೊದಲ ಎಣಿಕೆ. ಉಳಿದವರೆಲ್ಲ ಕೂಡಿಸುವುದನ್ನು ಕಲಿತು ಆಮೇಲೆ ಕಳೆಯುವುದಕ್ಕೆ ಬಂದರು, ಅವಳು ಕಳೆಯುವುದರಿಂದ ಶುರುಮಾಡಿ ಕೂಡಿಸುವುದಕ್ಕೆ ಬಂದಳು. ಗೆಳೆಯನ ಪರವಾಗಿ "ಹಾಜರ್ರೀ" ಎನ್ನುತ್ತಿದ್ದ ಕಿಲಾಡಿಗಳ ಆಟವೂ ಅಲ್ಲಿಗೆ ನಿಂತಿತು. ಈಗಲೂ ಹೊಸ ಶಿಕ್ಷಕಿಯರು ಏನಾದರೂ ಹೇಳಿಕೊಡಿ ಎಂದರೆ ನಾನು ಮೊದಲು ಹೇಳುವುದು ಇದನ್ನೇ. ಖರ್ಚಿಲ್ಲ, ಆಡೂ ತಿನ್ನುವುದಿಲ್ಲ.

ವರ್ಷದ ಕೊನೆಗೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅವತ್ತೇ ಬಬಲೇಶ್ವರದ ಸಂತೆ. ಮೂವರು ಬಂದಿರಲಿಲ್ಲ. "ಎಲ್ಲಾರೂ ಹಾಜರ್ ಅಂತ ಬರೀರಿ ಅಕ್ಕೋರ. ತಪಾಸಣಿ ದಿನ ಎಲ್ಲಾ ಕಡೆ ಹಂಗಽ" ಎಂದು ಹೆಡ್‌ಮಾಸ್ತರರು ಕಿವಿಯಲ್ಲಿ ಹೇಳಿದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಬರೆದೆ.

ಸಾಹೇಬರು ಮುಂದಿನ ಸಾಲಿನಿಂದ ಒಬ್ಬೊಬ್ಬರನ್ನೇ ಕರೆದು ಬಾಯಿಲೆಕ್ಕ ಕೇಳಿ, ಪಟ್ಟಿಯಲ್ಲಿ ಪಾಸು ನಪಾಸು ಬರೆಯುತ್ತ ಬಂದರು. ಅವಳ ಸರದಿ ಬಂದಾಗ ಯಾರ ಮಗಳೆಂದು ಕೇಳಿ ತಿಳಿದುಕೊಂಡು, ಬಹಳ ಪ್ರೀತಿಯಿಂದ, ನಾನು ಮಾಡಿದ ತಪ್ಪನ್ನೇ ಮಾಡಿದರು.

"ನಿಮ್ಮನ್ಯಾಗ ಎಷ್ಟ ಕುರಿ ಅದಾವ ಬೇ ಯವ್ವಾ?"

ತುಟಿ ಬಿಗಿಯಿತು. ಸಾಹೇಬರು ಬೇರೆ ಲೆಕ್ಕ ಕೇಳಿದರು. ಹನ್ನೊಂದರಲ್ಲಿ ನಾಲ್ಕು ಹೋದರೆ? ಅವಳು ನಿದ್ದೆಯಲ್ಲೂ ಹೇಳುವ ಲೆಕ್ಕ. ಆದರೆ ಅವಳು ಹೆದರಿ ನೆಲ ನೋಡುತ್ತ ನಿಂತಳು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು.

ಅವಳ ಬಾಯಿ ಬಿಡಿಸುವ ಪ್ರಶ್ನೆ ನನಗೆ ಗೊತ್ತಿತ್ತು. ಅದನ್ನು ಕೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಕೇಳದಿದ್ದರೆ ಅವಳು ಕುರಿಯ ಹಿಂದೆ. ಹೆಡ್‌ಮಾಸ್ತರರ ಕಡೆ ನೋಡಲು ಧೈರ್ಯವಾಗಲಿಲ್ಲ.

"ಸಾಹೇಬ್ರ, ಒಂದ್ ನಿಮಿಷ ತಡೀರಿ" ಎಂದೆ. ಅವಳ ಕಡೆ ತಿರುಗಿ ಕೇಳಿದೆ, "ಇವತ್ತ ಯಾರ ಬಂದಿಲ್ಲ?"

ಅವಳು ತಲೆ ಎತ್ತಿ, ಒಮ್ಮೆ ಹಿಂದೆ ತಿರುಗಿ ನೋಡಿದಳು. "ಮೂರ ಮಂದಿ ಬಂದಿಲ್ರಿ. ಕಿಡಕಿ ಹಂತೇಕ ಕುಂದ್ರಾಂವ ಅವ್ವನ ಕೂಡ ಸಂತಿಗೆ ಹೋಗ್ಯಾನ. ಅವನ ತಂಗೀನೂ ಹೋಗ್ಯಾಳ. ಕೆಂಪ ಲಂಗದಾಕಿಗೆ ಜ್ವರ ಬಂದಾವ. ಮೂವತ್ತೊಂದರಾಗ ಮೂರ ಹೋದ್ರ ಇಪ್ಪತ್ತೆಂಟ್ರಿ."

ಸಾಹೇಬರು ಮಕ್ಕಳನ್ನು ಎಣಿಸಿದರು. ಆಮೇಲೆ ಹಾಜರಿ ಪುಸ್ತಕ ತೆರೆದರು. ಹೆಡ್‌ಮಾಸ್ತರರಿಗೆ ಎಲ್ಲಿಲ್ಲದ ಕೆಮ್ಮು ಬಂತು.

"ಇದನ್ನ ಬರದವರು ಯಾರು?"

"ನಾನ್ರಿ" ಎಂದೆ.

"ಬರೀರಿ ಅಂದಾಂವ ನಾನ್ರಿ ಸಾಹೇಬ್ರ" ಎಂದರು ಹೆಡ್‌ಮಾಸ್ತರರು, ಕೆಮ್ಮು ನಿಲ್ಲಿಸಿ. ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು.

ಸಾಹೇಬರು ಪುಸ್ತಕದ ಹೆಸರುಗಳ ಮೇಲೆ ಬೆರಳು ಸರಿಸುತ್ತ ಹೋದರು. ನೋಡುತ್ತ ನೋಡುತ್ತ ಅವರ ಹೊಟ್ಟೆ ಕುಲುಕಿತು, ಆಮೇಲೆ ನಗು ಹೊರಗೆ ಬಂತು. "ಇಷ್ಟ ವರ್ಷ ತಪಾಸಣಿ ಮಾಡೇನಿ. ಎಲ್ಲಾ ಸಾಲ್ಯಾಗೂ ಎಲ್ಲಾರೂ ಹಾಜರ್. ಖರೇ ಲೆಕ್ಕ ಹೇಳಿದಾಕಿ ಈಕಿ ಒಬ್ಬಾಕೀನ" ಎಂದರು. ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಪಾಸು ಎಂದು ದೊಡ್ಡದಾಗಿ ಬರೆದರು. ನನ್ನಿಂದ ಹಾಜರಿ ಪುಸ್ತಕ ತಿದ್ದಿಸಿದರು. ನಗುತ್ತಲೇ ನನಗೊಂದು ಮೆಮೋ ಕೊಟ್ಟರು. ಅದು ಇವತ್ತಿಗೂ ನನ್ನ ಬೀರುವಿನಲ್ಲಿದೆ.

ಸಾಹೇಬರು ಹೋದ ಮೇಲೆ ನಾನು ಮುಖ ಸಣ್ಣದು ಮಾಡಿಕೊಂಡು ಟ್ರಂಕಿನ ಮೇಲೆ ಕುಳಿತಿದ್ದೆ. ಮಕ್ಕಳು ಗಲಾಟೆ ಮಾಡುತ್ತಿದ್ದರು. ಆ ಹುಡುಗಿ ಎದ್ದು ನನ್ನ ಹತ್ತಿರ ಬಂದಳು. ಮಾತಾಡುವ ಮೊದಲು, ಯಾರೂ ಕೇಳಿಸಿಕೊಳ್ಳುತ್ತಿಲ್ಲವಲ್ಲ ಎಂದು ಹಿಂದೆ ತಿರುಗಿ ನೋಡಿದಳು.

"ಅಕ್ಕೋರ, ನಿಮಗ ಎಣಿಕಿ ತಪ್ಪಿತೇನ್ರಿ?"

"ಹೂಂ. ತಪ್ಪಿತು."

"ಇರ್ಲಿ ಬಿಡ್ರಿ. ಪುಸ್ತಕ ನೋಡಬ್ಯಾಡ್ರಿ, ಮಾರಿ ನೋಡ್ರಿ. ನಾಳೆ ನಾ ಹೇಳಿಕೊಡ್ತೇನಿ."

ನಾನು ಅವಳನ್ನು ದಡ್ಡಿ ಅಂದದ್ದು ಇಡೀ ತರಗತಿಯ ಎದುರಿಗೆ. ಅವಳು ನನಗೆ ಇದನ್ನು ಹೇಳಿದ್ದು ಕಿವಿಯಲ್ಲಿ.