ಎಂಟು ಮುಖಕ್ಕೂ ಬೊಟ್ಟು

ಆವತ್ತು ಭಾನುವಾರ. ನಮ್ಮ ಯಜಮಾನರು ಸಿದ್ದಮಲ್ಲಪ್ಪನವರು ಕಂಪಲಾಪುರದ ಮನೆ ಜಗುಲಿಯಲ್ಲಿ ಹಲಸಿನ ಮರದ ತುಂಡೊಂದನ್ನು ಕೀಸುತ್ತಿದ್ದರು. ಅವರು ಬಾಗಿಲು, ಮಂಚ ಮಾಡುವವರು. ಇದು ಮಾತ್ರ ಅವರ ತಂಗಿಯ ಮಗಳು ಮೀನಾಗೆ. ಆರು ಮೂಲೆ, ಎಂಟು ಮುಖ, ಎಲ್ಲವೂ ಒಂದೇ ಅಳತೆ. ಮೀನಾ ಮೈಸೂರಿನಲ್ಲಿ ಕ್ವಾಂಟಮ್ ಕಂಪ್ಯೂಟರಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಬುಧವಾರ ಕೊನೆಯ ಪರೀಕ್ಷೆ. ಹೋದ ಸಲ ಚಿತ್ರ ಬರೆದು ಹೇಳಿದ್ದು ಮೇಷ್ಟ್ರಿಗೆ ಹಿಡಿಸಿರಲಿಲ್ಲ. ಈ ಸಲ ಇದನ್ನು ಕೈಯಲ್ಲಿ ತಿರುಗಿಸಿ ತೋರಿಸುತ್ತೇನೆ, ಈಗಲೂ ತಪ್ಪಿದರೆ ಓದು ನಿಲ್ಲಿಸುತ್ತೇನೆ ಎಂದಿದ್ದಳು.

"ಕಣ್ಮುಚ್ಚು," ಅಂದರು ನನಗೆ. "ಈಗ ತೆಗಿ. ತಿರುಗ್ಸಿದ್ನೋ ಇಲ್ವೋ ಯೋಳು."

"ಗೊತ್ತಾಯ್ತಿಲ್ಲ ಕಣ್ರೀ."

"ಅಂಗಾದ್ರೆ ಸರಿಯಾಗೈತೆ ಬುಡು."

ಎಣ್ಣೆ ಸವರಿದರು. ಹೊಸ ಸಾಮಾನು ಯಾವುದಾದರೂ ವಿಭೂತಿ ಹಚ್ಚದೆ ಹೊರಗೆ ಕಳಿಸಿದವರಲ್ಲ. ಒಂದು ಮುಖದ ನಡುವೆ ಮೂರು ಗೆರೆ ಎಳೆದೇಬಿಟ್ಟರು.

ಸಂಜೆ ಮೀನಾ ಬಂದು ನೋಡಿ ಕೂತುಬಿಟ್ಟಳು. "ಇಪ್ಪತ್ನಾಲ್ಕು ಥರ ಇಟ್ರೂ ಒಂದೇ ಥರ ಕಾಣೋದು ಮಾವ. ಆ ಕಂಪ್ಯೂಟರಿನ ಲೆಕ್ಕ ನಿಂತಿರೋದೇ ಅದರ ಮೇಲೆ. ಈಗ ಹೆಂಗೆ ತಿರುಗಿಸಿದ್ರೂ ಈ ಗೆರೆ ಹೇಳಿಬಿಡ್ತದೆ, ಅಲ್ಲಾಡಿಸದೆ ಇಡೋದೊಂದೇ ಉಳೀತು."

ಒರೆಸಿದರೆ ಹೋಗಲಿಲ್ಲ. ಎಣ್ಣೆಗೆ ಇಳಿದುಬಿಟ್ಟಿತ್ತು.

"ಎಂಟಕ್ಕೂ ಎಳೀತೀನಿ," ಅಂದರು.

"ಗೆರೆ ಅಡ್ಡ ಐತೋ ಓರೆ ಐತೋ ಗೊತ್ತಾಯ್ತದಲ್ಲ ಮಾವ."

"ಗೆರೆ ಮುಚ್ಚೋ ಅಷ್ಟು ದುಂಡನೆ ಬೊಟ್ಟು ಬಳೀರಿ, ಎಂಟಕ್ಕೂ," ಅಂದೆ. "ಬೊಟ್ಟಿಗೆ ಅಡ್ಡ ಯಾವುದು, ಉದ್ದ ಯಾವುದು?"

ಮೀನಾ ನಕ್ಕಳು. ಇವರು, "ನಾಕ್ನೇ ಕ್ಲಾಸಿಗೆ ಬುಟ್ಟೋಳು ನೋಡು. ನಿಂಗೂ ಪರೀಕ್ಷೆ ಕಟ್ಸಾನಾ?" ಅಂದರು. ಬಾಗಿಲಿಗೆ ಬಳಿದು ಮಿಕ್ಕ ಕೆಂಪು ಬಣ್ಣ ತಂದು ಎಂಟಕ್ಕೂ ಬೊಟ್ಟಿಟ್ಟರು.

ಮಾರನೇ ಬೆಳಿಗ್ಗೆ ಹಲ್ಲುಜ್ಜಲು ಹೋದವರು ಬಚ್ಚಲ ಬಾಗಿಲಲ್ಲಿ ಕುಸಿದರು. ಎತ್ತುವಷ್ಟರಲ್ಲಿ ಇರಲಿಲ್ಲ.

ಮೀನಾ ಹೋಗುವುದಿಲ್ಲ ಎಂದು ಹಟ ಮಾಡಿದಳು. "ಬಣ್ಣ ಒಣಗೈತೆ, ತಕ್ಕೊಂಡು ಓಗು," ಅಂದು ಬುಧವಾರ ನಾನೇ ಬಸ್ಸು ಹತ್ತಿಸಿದೆ. ಪಾಸಾದಳು. ದೊಡ್ಡ ಮೇಷ್ಟ್ರು ಕಣ್ಣುಮುಚ್ಚಿ ಮೂರು ಸಲ ಸೋತರಂತೆ. ತಮಗೂ ಒಂದು ಬೇಕು ಅಂದರಂತೆ.

ಮಾಡುವವರು ಯಾರು? ಮೀನಾಳೇ ಭಾನುವಾರ ಬಂದು ಕೀಸುತ್ತಾಳೆ. ಮೊದಲನೆಯದು ಗುದ್ದಿದ ಬೆಲ್ಲದಚ್ಚಿನ ಹಾಗಾಯಿತು.

"ಇದನ್ನ ತಿರುಗಿಸ್ದೆ ಇದ್ರೂ ಗೊತ್ತಾಯ್ತದೆ ಕಣೇ," ಅಂದೆ.

"ಸುಮ್ನಿರು ಅತ್ತೆ," ಅಂದಳು. ಇನ್ನೊಂದು ತುಂಡು ಕೇಳಿದಳು.

ತುಂಡುಗಳು ಹಿತ್ತಲ ನೆರಳಿನಲ್ಲಿ ಒಣಗುತ್ತಿವೆ. ಒಂದೇ ಕಡೆ ಒಣಗಿದರೆ ಸೀಳುತ್ತವೆ. ಅವರಿದ್ದಾಗಲೂ ಅದು ನನ್ನ ಕೆಲಸವೇ. ಬೆಳಿಗ್ಗೆ ಎದ್ದು, ಒಂದೊಂದನ್ನೇ ಮಗ್ಗುಲು ಬದಲಿಸಿ ಇಡುತ್ತೇನೆ.